ಎಲ್ಲರೂ ಎಡವಿದ ಹೊಸ್ತಿಲು

ನಾನು ಒಂದು ಹೊಸ್ತಿಲು. ತೇಗದ ಮರದ್ದು, ಹಿತ್ತಾಳೆಯ ಹೂ ಬಡಿದದ್ದು, ಬೇಕಾದ್ದಕ್ಕಿಂತ ನಾಲ್ಕು ಬೆರಳು ಎತ್ತರದ್ದು. ತಪ್ಪು ನನ್ನದಲ್ಲ. ಹುಬ್ಬಳ್ಳಿಯ ಬಡಿಗೇರ ಮೋನಪ್ಪ ಅಳತೆ ಹಿಡಿಯುವಾಗ ಹರಟೆ ಹೊಡೆಯುತ್ತಿದ್ದ, ಅಷ್ಟೇ. ಪೂಜೆ ಮಾಡಿ ಕೂಡಿಸಿದ ಹೊಸ್ತಿಲನ್ನು ಮತ್ತೆ ಕೆತ್ತಬಾರದೆಂದು ಮನೆಯವರು ಹಾಗೇ ಬಿಟ್ಟರು. ಎಡವಿದವರೆಲ್ಲ ಮೋನಪ್ಪನನ್ನು ಬೈದುಕೊಂಡೇ ಒಳಗೆ ಬಂದರು. ಸೊಸೆ ಕಾಶವ್ವನಂತೂ ಮದುವೆಯ ದಿನ ಸೇರಕ್ಕಿ ಒದೆಯುವ ಬದಲು ನನ್ನನ್ನೇ ಒದ್ದು, "ಅಯ್ಯಯ್ಯೋ!" ಎಂದು ಕೂಗಿದಳು. ಓಣಿಗೆ ಓಣಿಯೇ ನಕ್ಕಿತು.

ಕಾಶವ್ವನ ಕೂದಲು ನರೆಯುವ ಹೊತ್ತಿಗೆ ರಸ್ತೆ ಅಗಲವಾಯಿತು, ಮನೆ ಹೋಯಿತು. ಕಟ್ಟಿಗೆ ಅಡ್ಡೆಯಲ್ಲಿ ಗರಗಸಕ್ಕೆ ಕಾಯುತ್ತಿದ್ದ ನನ್ನನ್ನು ಶರ್ವಾಣಿ ಎಂಬ ವಾಸ್ತುಶಿಲ್ಪಿ ಎತ್ತಿಕೊಂಡು ಹೋದಳು. ಹಳೆಯ ಹತ್ತಿ ಗೋದಾಮಿನಲ್ಲಿ ಅವಳು ಕಟ್ಟಡ, ವಿನ್ಯಾಸಗಳ ಮ್ಯೂಸಿಯಂ ತೆರೆದಿದ್ದಳು. ಕಿಟಕಿ ಸರಳು, ಹೆಂಚು, ಬೆತ್ತದ ಕುರ್ಚಿ, ದೀಪದ ಗೂಡು, ಎಲ್ಲ ಇದ್ದವು. ಜನ ಮಾತ್ರ ಇರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ನನ್ನನ್ನು ಮಲಗಿಸಿದರು. ನನಗೆ ಮುಖಗಳಿಗಿಂತ ಪಾದಗಳ ಪರಿಚಯ ಹೆಚ್ಚು. ಅಲ್ಲಿ ಒಂದು ಹೆಬ್ಬೆರಳೂ ತಾಕಲಿಲ್ಲ. ದಸರೆಯವರೆಗೆ ಹೀಗೇ ಖಾಲಿಯಿದ್ದರೆ ಗೋದಾಮನ್ನು ವಾಹನ ನಿಲ್ದಾಣ ಮಾಡುತ್ತೇವೆ ಎಂದು ಊರಿನ ಆಡಳಿತದವರು ಹೇಳಿಬಿಟ್ಟರು. ಹಾಗಾದರೆ ನಾನು ಮತ್ತೆ ಗರಗಸಕ್ಕೆ.

ಒಂದು ದಿನ ಕಾಶವ್ವ ನನ್ನನ್ನು ಹುಡುಕಿಕೊಂಡು ಬಂದಳು.

"ಅಯ್ಯ ಶಿವನ! ಇದನ್ನ್ಯಾಕ ಗಾಜಿನ ಪೆಟಗ್ಯಾಗ ಮಲಗಿಸೀರಿ? ಜಡ್ ಬಂದೈತೇನ್ ಇದಕ್ಕ?"

"ಮುಟ್ಟಬ್ಯಾಡ್ರಿ ಅಮ್ಮಾ, ನೋಡಾಕ ಇಟ್ಟದ್ದು," ಎಂದಳು ಶರ್ವಾಣಿ.

"ದಾಟಲಾರದ ಹೊಸ್ತಿಲಾ ಯಾರ್ ನೋಡ್ತಾರ ತಂಗಿ? ಬಾಗಲಕ್ಕ ಹಾಕು. ಕಾಲಿಗೆ ಬಡದ್ರ ತಾನ ಗೊತ್ತಾಕ್ಕೈತಿ."

ಶರ್ವಾಣಿ ಮೊದಲು ಸಿಡುಕಿದಳು, ಆಮೇಲೆ ನಕ್ಕಳು. ಮರುದಿನವೇ ನಾನು ಮುಂಬಾಗಿಲಲ್ಲಿದ್ದೆ.

ಕಾಶವ್ವ ಶುಕ್ರವಾರ ಬಂದು ನನಗೆ ಅರಿಸಿನ-ಕುಂಕುಮ ಹಚ್ಚಿದಳು. ಹಚ್ಚಿದ ಹೊಸ್ತಿಲಿಗೆ ಯಾರು ಚಪ್ಪಲಿಗಾಲು ತಾಕಿಸುತ್ತಾರೆ? ಬಂದವರೆಲ್ಲ ಹೊರಗೇ ಚಪ್ಪಲಿ ಬಿಟ್ಟರು. ಬೀದಿಯವರು ಆ ಚಪ್ಪಲಿ ನೋಡಿ, ಒಳಗೇನು ವಿಶೇಷವೆಂದು ಇಣುಕಿದರು. ಇಣುಕಿದವರು ಎಡವಿ ಒಳಗೇ ಬಂದರು. ಎಡವಿದವರಿಗೆಲ್ಲ ಕಾಶವ್ವ ಮೋನಪ್ಪನ ಹರಟೆಯ ಕಥೆ ಹೇಳಿದಳು. "ನಮ್ಮವ್ವನ ಮನ್ಯಾಗ ಇಂಥಾದ ಗೂಡಿತ್ತು ನೋಡಽ!" ಎನ್ನುತ್ತ ಹೆಂಗಸರು ಓಣಿಗೆ ಓಣಿಯನ್ನೇ ಕರೆತಂದರು.

ದಸರೆಗೆ ಅಧಿಕಾರಿ ಅಳತೆ ಟೇಪು ಹಿಡಿದು ಬಂದ. ಚಪ್ಪಲಿ ರಾಶಿ ದಾಟುವ ಭರದಲ್ಲಿ ನನ್ನನ್ನು ಕಾಣದೆ ಎಡವಿದ.

"ಯಪ್ಪಾ! ಇಷ್ಟೆತ್ತರ ಯಾವಾಂವ್ರೀ ಮಾಡಿದಾಂವ?"

"ಮೋನಪ್ಪ!" ಒಳಗಿದ್ದವರೆಲ್ಲ ಒಕ್ಕೊರಲಿನಿಂದ ಕೂಗಿದರು.

ಮುಟ್ಟಬೇಡಿ ಎಂದು ಬರೆದಿದ್ದ ಬೆತ್ತದ ಕುರ್ಚಿಯಲ್ಲೇ ಅವನನ್ನು ಕೂರಿಸಿ, ಕಾಶವ್ವ ಹೆಬ್ಬೆರಳಿಗೆ ಅರಿಸಿನ ಒತ್ತಿದಳು. ಅವನು ಸುತ್ತಲೂ ನೋಡಿದ. ಟೇಪನ್ನು ಜೇಬಿಗಿಟ್ಟ.

"ಖಾಲಿ ಐತಿ ಅಂದಿದ್ರು. ಇಲ್ಲಿ ಚಪ್ಪಲಿ ಬಿಡಾಕಽ ಜಾಗಾ ಇಲ್ಲ! ಗಾಡಿ ನಿಲ್ಸಾಕ ಬ್ಯಾರೆ ಕಡೆ ನೋಡೂಣ ಬಿಡ್ರಿ."

ಈಗ ನಾನು ಮುದಿ ಮರ. ಮ್ಯೂಸಿಯಂ ಹಿತ್ತಲವರೆಗೂ ಬೆಳೆದಿದೆ. ದಾಟುವವರು ದಾಟುತ್ತಾರೆ, ಮಕ್ಕಳು ತುಳಿದೇ ಓಡುತ್ತಾರೆ. ನನ್ನ ನಡು ಎರಡು ಬೆರಳು ಸವೆದಿದೆ. ಮೋನಪ್ಪನ ತಪ್ಪನ್ನು ಕಾಲುಗಳೇ ತಿದ್ದುತ್ತಿವೆ. ಇನ್ನೆರಡು ಬೆರಳು ಬಾಕಿ. ಬನ್ನಿ, ಎಡವಿ.