ಬೂಟು ಬಿಚ್ಚದ ಕ್ಲೀಟಸ್

"ಬೂಟು ಬಿಚ್ಚೋ ಅಂದೆ."

"ಬೆಳಿಗ್ಗೆ ಬಿಚ್ಚಿದ್ನಲ್ಲ."

"ಯಾವಾಗ? ಆಗ ನಾನೇನು ಸತ್ತಿದ್ನಾ?"

ಸಾರ್ಜೆಂಟ್ ಆರ್ವಿಡ್‌ಗೆ ರೋಸಿಹೋಗಿತ್ತು. ಬೆಲ್ಜಿಯಂನ ಈ ಹಿಮದ ಕಾಡಿನಲ್ಲಿ, ಎದೆಯುದ್ದದ ಗುಂಡಿಯೊಳಗೆ, ಅವನೂ ಅವನ ಎಡಕ್ಕೆ ಸಿಪಾಯಿ ಕ್ಲೀಟಸ್ಸೂ ಹತ್ತು ದಿನದಿಂದ ಒಟ್ಟಿಗೆ ಕೂತಿದ್ದರು. ಎದುರಿನ ಮರಗಳಾಚೆ ಜರ್ಮನ್ನರು. ಅವರ ಕಾಟವನ್ನಾದರೂ ತಡೆದುಕೊಳ್ಳಬಹುದು, ಈ ಮನುಷ್ಯನದನ್ನಲ್ಲ. ದಿನಕ್ಕೊಮ್ಮೆ ಬೂಟು ಬಿಚ್ಚಿ, ಒಬ್ಬರ ಪಾದ ಒಬ್ಬರು ತಿಕ್ಕಿ, ಒಣಗಿದ ಕಾಲುಚೀಲ ಹಾಕಿಕೊಳ್ಳಬೇಕೆಂದು ಮೇಲಿನಿಂದ ಹುಕುಂ ಆಗಿತ್ತು. ಹಿಮದ ತೇವಕ್ಕೆ ಯಾರ ಕಾಲು ಕೊಳೆತರೂ ಬೈಗುಳ ಸಾರ್ಜೆಂಟನಿಗೆ. ಕ್ಲೀಟಸ್ ಮಾತ್ರ ದಿನಕ್ಕೊಂದು ನೆಪ ತೆಗೆಯುತ್ತಿದ್ದ. ಒಂದು ದಿನ ಬೂಟಿನ ಲಾಡಿ ಹೆಪ್ಪುಗಟ್ಟಿದೆ, ಇನ್ನೊಂದು ದಿನ ಈಗ ಶೆಲ್ ಬೀಳುತ್ತೆ, ಮತ್ತೊಂದು ದಿನ ನಿನ್ನ ಕೈ ತಣ್ಣಗಿದೆ. ಅಮೆರಿಕದ ಅಯೋವಾದಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವನು, ಮಾತಿಗೇನು ಬರವೇ?

ಆ ಮಧ್ಯಾಹ್ನ ಆರ್ವಿಡ್ ಅವನ ತೊಡೆಯ ಮೇಲೆ ಮೊಣಕಾಲೂರಿ, ಚಾಕುವಿನಿಂದ ಲಾಡಿ ಕತ್ತರಿಸಿ, ಬೂಟನ್ನು ಎಳೆದೇ ಬಿಟ್ಟ. ಕಾಲುಚೀಲದ ಜೊತೆ ಚರ್ಮವೂ ಕಿತ್ತು ಬಂತು. ಐದೂ ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು.

"ಎಷ್ಟು ದಿನ ಆಯ್ತು?"

"ನಾಲ್ಕು."

"ಅಯ್ಯೋ ಕತ್ತೆ! ಅವತ್ತೇ ಬಾಯಿಬಿಟ್ಟಿದ್ರೆ ಆಸ್ಪತ್ರೆಗೆ ಕಳಿಸ್ತಿದ್ದೆ."

"ಅದಕ್ಕೇ ಬಾಯಿಬಿಡ್ಲಿಲ್ಲ," ಕ್ಲೀಟಸ್ ಬೇರೆಲ್ಲೋ ನೋಡುತ್ತ ಹೇಳಿದ. "ನಮ್ಮ ತುಕಡೀಲಿ ಉಳಿದಿರೋದೇ ಹನ್ನೊಂದು ಜನ. ನಾನು ಹೋದ್ರೆ ಈ ಗುಂಡೀಲಿ ನೀನೊಬ್ನೇ. ನೀನು ಕಣ್ಣು ಮುಚ್ಚಿದಾಗ ಕಾಯೋರ್ಯಾರು?"

ಕೆನ್ನೆಗೆ ಎರಡು ಬಾರಿಸಬೇಕೆನಿಸಿತು ಆರ್ವಿಡ್‌ಗೆ. ಬಾರಿಸಲಿಲ್ಲ. ಆ ಪಾದವನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಅವನನ್ನು ಬೆನ್ನ ಮೇಲೆ ಹೊತ್ತುಕೊಂಡ. ಜೀಪು ಬರುವ ದಾರಿಯಲ್ಲ ಅದು. ಮೊಣಕಾಲುದ್ದ ಹಿಮದಲ್ಲಿ ಒಂದು ಮೈಲಿ, ಉದ್ದಕ್ಕೂ ಬೈಯುತ್ತಲೇ ನಡೆದ.

"ಮೆಲ್ಲಗೆ ಹೋಗೋ ಮಾರಾಯ," ಬೆನ್ನ ಮೇಲಿನಿಂದ ಕ್ಲೀಟಸ್ ನರಳುತ್ತಲೇ ಹೇಳಿದ, "ಹಾಲು ತುಳುಕುತ್ತೆ."

"ಬಾಯ್ಮುಚ್ಚು. ಇಲ್ಲೇ ಬಿಸಾಕ್ತೀನಿ."

ಕೊಟ್ಟಿಗೆಯೊಂದರಲ್ಲಿ ಗಾಯಾಳುಗಳನ್ನು ನೋಡುತ್ತಿದ್ದ ಡಾಕ್ಟರು ಕಂಬಳಿ ಬಿಚ್ಚಿದವರೇ ಕೆಂಡವಾದರು. "ಬೆರಳು ಹೋದ ಹಾಗೇ. ಪಾದ ಉಳಿದ್ರೆ ಪುಣ್ಯ. ಏನ್ರೀ ಸಾರ್ಜೆಂಟ್, ದಿನಾ ಕಾಲು ನೋಡ್ತಿರ್ಲಿಲ್ವಾ?"

"ಸರ್, ಅವನು..." ಕ್ಲೀಟಸ್ ಬಾಯಿ ಹಾಕಿದ.

"ನೋಡ್ಲಿಲ್ಲ ಸರ್," ಎಂದ ಆರ್ವಿಡ್. "ನನ್ನದೇ ತಪ್ಪು."

ಕ್ಲೀಟಸ್ ಕೈ ಚಾಚಿದ. ಆರ್ವಿಡ್ ಆ ಕೈಯನ್ನು ಹಿಡಿಯದೆ, ತನ್ನ ಜೇಬಿನಲ್ಲಿದ್ದ ಮೂರು ಸಿಗರೇಟನ್ನು ಅದರಲ್ಲಿ ತುರುಕಿ ಹೊರಗೆ ಬಂದ.

ವಾಪಸು ಬರುವಷ್ಟರಲ್ಲಿ ತುಕಡಿ ಮುನ್ನೂರು ಗಜ ಮುಂದಕ್ಕೆ ಹೋಗಿತ್ತು. ಮತ್ತೆ ಹೊಸ ಗುಂಡಿ. ಕಲ್ಲಾಗಿದ್ದ ನೆಲಕ್ಕೆ ಆರ್ವಿಡ್ ಗುದ್ದಲಿ ಬೀಸತೊಡಗಿದ. ಬೇರು, ಹಿಮ, ಲೆಫ್ಟಿನೆಂಟು, ಡಾಕ್ಟರು, ಎಲ್ಲರಿಗೂ ಒಂದೊಂದು ಬೈಗುಳ ಬಿತ್ತು. ಸಂಜೆಯಾಗುವಷ್ಟರಲ್ಲಿ ಸೊಂಟದಾಳಕ್ಕೆ ಇಳಿದಿದ್ದ.

ಆ ಕಡೆ ಹಾದುಹೋಗುತ್ತಿದ್ದ ಲೆಫ್ಟಿನೆಂಟ್ ನಿಂತು ಬಗ್ಗಿ ನೋಡಿದ. "ಒಬ್ಬನಿಗೆ ಇಷ್ಟಗಲ ಯಾಕಯ್ಯ?"

ಆರ್ವಿಡ್ ಎಡಬದಿಯ ಮಣ್ಣನ್ನು ಇನ್ನೊಂದಿಷ್ಟು ಕೆರೆದು ಹೊರಗೆ ಹಾಕಿದ.