ಪ್ಲೇಗಿನ ಮನೆಯ ಹೊಸ್ತಿಲು

ಹೈದರಾಬಾದಿನಲ್ಲಿ ವೈದ್ಯಕೀಯ ಓದುತ್ತಿದ್ದ ಕೊಟ್ರಪ್ಪ ರಜೆಗೆ ಅಳವಂಡಿಗೆ ಬಂದಾಗ ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದ್ದವು. ಒಂದು ಮುಂಜಾನೆ ಫಕೀರಮ್ಮ ಅವನನ್ನು ಮನೆಗೆ ಕರೆದೊಯ್ದಳು. ಅವಳ ಗಂಡ ಗ್ಯಾನಪ್ಪನಿಗೆ ಜ್ವರ ಬಂದು ತೊಡೆಸಂದಿಯಲ್ಲಿ ಗಂಟು ಎದ್ದಿತ್ತು.

ಕೊಟ್ರಪ್ಪ ಹೊಸ್ತಿಲಲ್ಲೇ ನಿಂತ. “ಇದು ಪ್ಲೇಗು. ಮನಿ ಬಿಟ್ಟು ಹೊಲಕ್ಕ ನಡೀರಿ.”

“ಒಬ್ಬಾಕಿ ಹೆಂಗ ಎತ್ತಲಿ, ಯಪ್ಪಾ? ಯಾರೂ ಮುಟ್ಟವಲ್ರು.”

ಈ ಗಂಟು ಮುಟ್ಟಿದರೆ ಅಂಟುವುದಿಲ್ಲ, ಇಲಿಯ ಚಿಗಟ ಕಚ್ಚಿದರೆ ಬರುತ್ತದೆ ಎಂದು ಪರೀಕ್ಷೆಯಲ್ಲಿ ಅವನೇ ಬರೆದಿದ್ದ. ಆದರೆ ಚಿಗಟಗಳೂ ಆ ಮನೆಯೊಳಗೇ ಇದ್ದವು. ಅವನು ಹೊಸ್ತಿಲು ದಾಟಲಿಲ್ಲ.

ಒಳಗಿನಿಂದ ಗ್ಯಾನಪ್ಪ ನೀರು ಕೇಳಿದ.

ಕೊಟ್ರಪ್ಪ ಚಿಮಣಿಯ ಸೀಮೆಎಣ್ಣೆ ತರಿಸಿ, ಚಿಗಟ ಹತ್ತದಂತೆ ಮೊಣಕಾಲತನಕ ಸವರಿಕೊಂಡು ಒಳಹೊಕ್ಕು ಗ್ಯಾನಪ್ಪನ ಹೆಗಲು ಹಿಡಿದೆತ್ತಿದ.

ಹೊಲದ ಗುಡಿಸಲಿನಲ್ಲಿ ಗಂಟು ಒಡೆದು ಗ್ಯಾನಪ್ಪ ಬದುಕಿದ. ಅಲ್ಲಿಯತನಕ ಕೊಟ್ರಪ್ಪ ತನ್ನ ಮನೆಗೆ ಹೋಗದೆ, ತನಗೂ ಗಂಟು ಎದ್ದಿದೆಯೇ ಎಂದು ಗಳಿಗೆಗೊಮ್ಮೆ ಮೈ ತಡವಿಕೊಳ್ಳುತ್ತ ಅಲ್ಲೇ ಕಾದ.