ಪುಟ್ಟಮಲ್ಲಮ್ಮನ ಮೂರನೇ ಗಂಟು

ಮಾತು ಕೊಟ್ಟವರು ಮರೆತರೂ ಕೇಳಿಸಿಕೊಂಡವರು ಮರೆಯಬಾರದು ಎಂಬುದು ಮುಳ್ಳೂರಿನ ಪುಟ್ಟಮಲ್ಲಮ್ಮನ ಖಚಿತ ಅಭಿಪ್ರಾಯ. ಚುನಾವಣೆಗೆ ಮುಂಚೆ ಮಂತ್ರಿಗಳು ಕೊಳ್ಳೇಗಾಲಕ್ಕೆ ಬಂದು, ರೇಷ್ಮೆಗೂಡು ಮಾರುವುದಕ್ಕೆ ಸೂರು ಕಟ್ಟಿಸುತ್ತೇವೆ, ಸರ್ಕಾರದ ತಕ್ಕಡಿ ಇಡಿಸುತ್ತೇವೆ, ಎಲ್ಲರೆದುರು ಕೂಗಿ ಹರಾಜು ಮಾಡಿಸುತ್ತೇವೆ ಎಂದಾಗ ಜನ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ. ಒಂದು ಸೆಣಬಿನ ಹುರಿಗೆ ಮೂರು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಯಾವ ಅಧಿಕಾರಿ ಊರಿಗೆ ಬಂದರೂ ಆ ಹುರಿ ಅವರ ಮುಖದ ಮುಂದೆ ತೂಗಾಡುತ್ತಿತ್ತು.

ವರ್ಷಗಳು ಉರುಳಿ ಸೂರೇನೋ ಎದ್ದಿತು, ತಕ್ಕಡಿಯೂ ಬಂತು. ಎರಡು ಗಂಟು ಬಿಚ್ಚಿದಳು. ಸರ್ಕಾರವನ್ನು ಸುಮ್ಮಸುಮ್ಮನೆ ಬೈಯುವವಳಲ್ಲ ಅವಳು.

ಉದ್ಘಾಟನೆಯ ದಿನ ಅವಳೂ ಸೊಸೆ ಶಿವರತ್ನಮ್ಮನೂ ಗೂಡಿನ ಕುಕ್ಕೆ ಹೊತ್ತು ಬಂದರು. ಬೆಳೆ ಚೆನ್ನಾಗಿತ್ತು. ಆದರೆ ಬೇಗ ಮಾರದಿದ್ದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬಂದು ಎಳೆಯೆಲ್ಲ ಹಾಳು. ನೋಡಿದರೆ, ಹೊಸ ಸೂರಿನ ಕೆಳಗೂ ಹಳೇ ಆಟವೇ! ದಲ್ಲಾಳಿ ರುದ್ರಸ್ವಾಮಿ ಕೈಮೇಲೆ ಟವಲು ಹೊದಿಸಿ, ಒಳಗೊಳಗೇ ಕೊಳ್ಳುವವರ ಬೆರಳು ಒತ್ತಿ ದರ ಕುದುರಿಸುತ್ತಿದ್ದ. ಬೆಳೆದವರಿಗೆ ಅವನು ಹೇಳಿದ್ದೇ ದರ.

ಮಾರುಕಟ್ಟೆಯ ಅಧಿಕಾರಿ ಓಡಿಬಂದರು. "ಅಮ್ಮಾ, ಮಂತ್ರಿಗಳ ಕಾರು ಬರ್ತಾ ಇದೆ. ಆ ಮೂರನೇ ಗಂಟನ್ನೂ ಅವರೆದುರು ಬಿಚ್ಚಿಬಿಡಿ."

"ಕೂಗೇ ಇಲ್ವಲ್ಲ ಸಾ, ಗಂಟು ಯಾಕ್ ಬಿಚ್ಲಿ?"

ಅಷ್ಟರಲ್ಲಿ ಅವಳ ಸರದಿ ಬಂತು. ನೂಲು ತೆಗೆಯುವ ಮುತ್ತಯ್ಯನ ಕೈ ಆಗಲೇ ಟವಲಿನೊಳಗಿತ್ತು. ರುದ್ರಸ್ವಾಮಿ ನಕ್ಕ. "ಸುಮ್ಕೆ ಕೊಟ್ಬುಟ್ಟು ಓಗವ್ವ. ಚಿಟ್ಟೆ ಆರೋದ್ರೆ ಏನ್ ಮಾಡೀಯೆ?"

ಪುಟ್ಟಮಲ್ಲಮ್ಮ ಒಮ್ಮೆ ಕೆಳಗೆ ನೋಡಿದಳು. ಮನೆಮಂದಿಯೆಲ್ಲ ಹುಳುವಿಗೆ ಸೊಪ್ಪು ಹಾಕಿ ಬೆಳೆದ ಬೆಳೆ ಕುಕ್ಕೆಯಲ್ಲಿತ್ತು. ಆದರೂ ಸರಕ್ಕನೆ ಟವಲು ಎಳೆದು ಅವನ ಹೆಗಲಿಗೇ ಹಾಕಿದಳು. ಬೆಳಕಿಗೆ ಬಿದ್ದ ಎರಡು ಕೈಗಳು ಪೆಚ್ಚಾಗಿ ಹಾಗೇ ನಿಂತವು.

"ಬಾಯ್ ಬುಟ್ಟು ಕೂಗ್ರಿ! ಇಲ್ದಿದ್ರೆ ಚಿಟ್ಟೆ ಮನೇಲೇ ಆರ್ಲಿ, ಮಕ್ಳು ನೋಡ್ಕಂಡು ನಗ್ತವೆ."

ಸುತ್ತಲಿದ್ದವರು ಗೊಳ್ಳೆಂದರು. ಮುತ್ತಯ್ಯನಿಗೆ ಗೂಡು ಬೇಕಾಗಿತ್ತು. ನಾಚಿಕೊಂಡೇ ಒಂದು ದರ ಕೂಗಿದ. ಹಿಂದಿನಿಂದ ಯಾರೋ ಅದರ ಮೇಲೆ ಕೂಗಿದರು. ಮುತ್ತಯ್ಯ ಬಿಡುತ್ತಾನೆಯೇ? ದರ ಏರುತ್ತಲೇ ಹೋಯಿತು.

ಅಧಿಕಾರಿ ಹಿಗ್ಗಿದರು. "ಈಗಲಾದರೂ ಬಿಚ್ಚಿ."

"ಇವತ್ತು ಕೂಗ್ಸಿದ್ದು ನಾನು ಸಾ, ಸರ್ಕಾರ ಅಲ್ಲ. ನಾನಿಲ್ದಾಗ ನೀವು ಕೂಗ್ಸಿ. ಆಗ ಬಿಚ್ತೀನಿ."

ಮಂತ್ರಿಗಳು ಬಂದು ಟೇಪು ಕತ್ತರಿಸಿ ಹೋದರು. ಗಂಟು ಸೊಂಟದಲ್ಲೇ ಉಳಿಯಿತು.

ಮುಂದಿನ ಬೆಳೆಗೆ ಅವಳು ಬೇಕೆಂದೇ ಮನೆಯಲ್ಲಿ ಉಳಿದು ಸೊಸೆಯೊಬ್ಬಳನ್ನೇ ಕಳಿಸಿದಳು. ದಿನವಿಡೀ ಜಗಲಿಗೂ ಒಳಕ್ಕೂ ಓಡಾಡಿದ್ದೇ ಆಯಿತು. ಸಂಜೆ ಬಸ್ಸಿನಿಂದ ಶಿವರತ್ನಮ್ಮ ಇಳಿದಳು.

"ಕೂಗುದ್ರಾ?"

"ಸಾಹೇಬ್ರು ತಕ್ಡಿ ಪಕ್ಕದಲ್ಲೇ ನಿಂತು ಕೂಗುಸುದ್ರು ಕಣತ್ತೆ. ರುದ್ರಸ್ವಾಮಪ್ಪೋರು ಟವಲ್ನ ತಲೆಗೆ ಸುತ್ಕಂಡು ಸುಮ್ನೆ ಕುಂತಿದ್ರು!"

ಪುಟ್ಟಮಲ್ಲಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಹುರಿ ತೆಗೆದಳು. ಇಷ್ಟು ಕಾಲ ಬಿಗಿದಿದ್ದ ಗಂಟು ಬೆರಳಿಗೆ ಬಗ್ಗದೆ, ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾಯಿತು.

"ಇನ್ಯಾಕತ್ತೆ ಉರಿ? ಎಸುದ್ಬುಡಿ" ಎಂದಳು ಸೊಸೆ.

ಅವಳು ಅದನ್ನು ನೀವಿ, ಸುತ್ತಿ, ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಳು. ಮುಂದಿನ ಚುನಾವಣೆ ಹತ್ತಿರದಲ್ಲೇ ಇತ್ತು.